ದನ ಮುಟ್ಟದ ನೀರು

ಹರಿಹರ
೧೪ ಮೇ ೧೯೮೪, ಸೋಮವಾರ

ಪ್ರೀತಿಯ ಮಗ ಖುದ್ದೂಸನಿಗೆ ನಿನ್ನ ಅಮ್ಮಿಯ ಸಲಾಮು, ಹಣೆಗೊಂದು ಮುತ್ತು.

ಹೇಗಿದ್ದೀಯಪ್ಪ? ಗೋವಾದ ಸೆಕೆಗೆ ಕತ್ತಿನ ಸುತ್ತ ಬೆವರುಸಾಲೆ ಎದ್ದಿದೆ ಎಂದು ನೀನು ಬರೆದಿದ್ದೆ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಸ್ನಾನ ಮಾಡು ಎಂದು ನಾನು ಉತ್ತರ ಹಾಕಿದ್ದೆ. ನೀನು ಮಾಡಿರುವುದಿಲ್ಲ, ನನಗೆ ಗೊತ್ತು. ಹಡಗಿನ ಮೇಲೆ ಹತ್ತಿ ವೆಲ್ಡಿಂಗ್ ಮಾಡುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೀಯ ತಾನೆ? ಜೊತೆಯವರು ನಗುತ್ತಾರೆ ಎಂದು ಬಿಡಬೇಡ, ನಗುವವರು ಬಿದ್ದಾಗ ಹಿಡಿಯಲು ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಈ ಸಲದ ಪತ್ರ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳದೆ ಕೊನೆಯವರೆಗೆ ಓದು. ಐದನೇ ಇಯತ್ತೆ ಕಲಿತವಳ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ನನ್ನ ಮೊಣಕಾಲು ಮೊದಲಿನ ಹಾಗೇ ಇದೆ. ನಿನ್ನ ಅಬ್ಬಾನ ವಿಷಯ ಬರೆಯುವುದಕ್ಕೇ ಕೂತಿದ್ದೇನೆ. ಅವರು ಊಟ ಮಾಡಿ ಒಳಗೆ ಮಲಗಿದ್ದಾರೆ, ಏಳುವುದರೊಳಗೆ ಮುಗಿಸಬೇಕು.

ಸಾರಥಿ ಹಳ್ಳಿಯ ಸಣ್ಣತಿಮ್ಮಪ್ಪನವರು ನೆನಪಿದ್ದಾರಲ್ಲ, ಸಂತೆಗೆ ಬಂದಾಗಲೆಲ್ಲ ನಿನಗೆ ಕಬ್ಬಿನ ಜಲ್ಲೆ ತಂದುಕೊಡುತ್ತಿದ್ದವರು. ಅವರಿಗೆ ಈಗ ಇಪ್ಪತ್ತೆರಡು ದನ. ಬೇಸಿಗೆಯಲ್ಲಿ ಗೊಬ್ಬರವಾಗಲಿ ಎಂದು ದನಗಳನ್ನು ಹೊಲದಲ್ಲೇ ಕಟ್ಟುತ್ತಾರೆ. ಕಾಲುವೆ ನೀರು ನಿಲ್ಲಿಸಿದ ಮೇಲೆ ಅಲ್ಲಿ ನೀರಿರುವುದಿಲ್ಲ, ದಿನಕ್ಕೆ ಎರಡು ಸಲ ಹೊಳೆಗೆ ಹೊಡೆದುಕೊಂಡು ಹೋಗಬೇಕು. ಯುಗಾದಿ ಮುಗಿದ ವಾರವೇ ನಮ್ಮ ವೆಲ್ಡಿಂಗ್ ಅಂಗಡಿಗೆ ಬಂದು, "ಸಾಬ್ರೆ, ದನ ನೀರಿನ ಹತ್ರ ಹೋಗೋದು ಸಾಕಾಗೈತೆ. ನೀರೇ ದನದ ಹತ್ರ ಬರೋ ಹಂಗೆ ಒಂದು ಟ್ರೇಲರ್ ಮಾಡಿಕೊಡ್ರಿ" ಎಂದರು. ನೀನು ಹೋದ ಮೇಲೆ ಕಿಟಕಿಯ ಸರಳು, ಗೇಟಿನ ಕೊಂಡಿ ಬಿಟ್ಟರೆ ದೊಡ್ಡ ಕೆಲಸವೇ ಬಂದಿರಲಿಲ್ಲ. ನಿನ್ನ ಅಬ್ಬಾನ ಮುಖ ನೋಡಬೇಕಿತ್ತು, ಮದುವೆ ಗೊತ್ತಾದವರ ಮುಖ ಹಾಗಾಗಿತ್ತು.

ದಾವಣಗೆರೆಯ ಗುಜರಿಗೆ ಮೂರು ಸಲ ಹೋದರು. ಹಳೇ ಜೀಪಿನ ಅಚ್ಚು, ಎರಡು ಗಾಲಿ, ಪಟ್ಟಾ ಸ್ಪ್ರಿಂಗು, ಜೊತೆಗೆ ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ಕಬ್ಬಿಣದ ಟ್ಯಾಂಕು ತಂದರು. ಶೇಂಗಾ ಎಣ್ಣೆಯ ಗಿರಣಿಯದು ಎಂದು ಗುಜರಿಯವನು ಹೇಳಿದನಂತೆ. ಹದಿನೈದು ದಿನ ಮನೆಯಲ್ಲಿ ಬೇರೆ ಮಾತಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ನಕ್ಷೆ ಬರೆಯುವುದು, ರೊಟ್ಟಿಯನ್ನು ಗಾಲಿ ಎಂದು ಇಟ್ಟು ತೋರಿಸುವುದು. ಟ್ರ್ಯಾಕ್ಟರ್ ಗಕ್ಕನೆ ನಿಂತರೆ ಒಳಗಿನ ನೀರು ಮುಂದಕ್ಕೆ ನುಗ್ಗಿ ಟ್ರೇಲರನ್ನೇ ಎತ್ತಿ ಹಾಕುತ್ತದಂತೆ, ಅದಕ್ಕೆ ಟ್ಯಾಂಕಿನೊಳಗೆ ಎರಡು ಅಡ್ಡ ತಗಡು. ಪಕ್ಕಕ್ಕೆ ಉದ್ದನೆಯ ಬಾನಿ, ಬೇಡವಾದಾಗ ಮೇಲಕ್ಕೆ ಮಡಚಿ ಕೊಕ್ಕೆ ಹಾಕುವ ಹಾಗೆ. ಎಂಟು ದನ ಒಟ್ಟಿಗೆ ನಿಂತು ಕುಡಿಯಬಹುದು. ಕರುಗಳಿಗೆ ಎಟುಕಲಿ ಎಂದು ಬಾನಿಯ ಒಂದು ತುದಿಯನ್ನು ತಗ್ಗಿಸಿದ್ದರು. ಅದನ್ನು ನೋಡಿ ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಹೇಳಲಿಲ್ಲ, ಹೇಳಿದರೆ ನೆಲದ ಮೇಲೆ ನಿಲ್ಲುವುದಿಲ್ಲ.

ಹಳೇ ಡ್ರಮ್ಮು, ಹಳೇ ಟ್ಯಾಂಕು ಏನೇ ಬಂದರೂ ಬೆಂಕಿ ಮುಟ್ಟಿಸುವ ಮೊದಲು ಮುಚ್ಚಳ ತೆಗೆದು ಮೂಸಿ ನೋಡುವುದು ನಮ್ಮ ಅಂಗಡಿಯ ಕಾಯಿದೆ. ನಿನಗೆ ಮೊದಲ ದಿನ ಕಲಿಸಿದ್ದೂ ಅದನ್ನೇ. ಪೆಟ್ರೋಲು, ಸೀಮೆಎಣ್ಣೆ ಏನಾದರೂ ವಾಸನೆ ಬಂದರೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ನಾಲ್ಕು ದಿನ ಬಿಸಿಲಿಗಿಟ್ಟು, ಮತ್ತೆ ಮೂಸಬೇಕು. ಅವರು ಮೂಸಿ ನೋಡಿ "ಏನಿಲ್ಲ" ಎಂದರಂತೆ. ತಳದಲ್ಲಿದ್ದ ಜಿಡ್ಡನ್ನು ಶೇಂಗಾ ಎಣ್ಣೆಯದು ಎಂದುಕೊಂಡು ಬೂದಿ ಹಾಕಿ ಒರೆಸಿ ಕೆಲಸ ಶುರು ಮಾಡಿದ್ದಾರೆ. ಆ ದಿನ ಸಂಜೆ ಮನೆಗೆ ಬಂದಾಗ ಗಡ್ಡದ ಎಡಭಾಗ ಸುಟ್ಟು ಚುರುಟಿಕೊಂಡಿತ್ತು. ಟ್ಯಾಂಕಿನ ಬಾಯಿಂದ ಭಗ್ಗೆಂದು ಒಂದು ಜ್ವಾಲೆ ಬಂತಂತೆ, ಒದ್ದೆ ಗೋಣಿಚೀಲ ಬಡಿದು ಆರಿಸಿದರಂತೆ. ಅದನ್ನು ನಗುತ್ತಾ ಹೇಳಿದರು. ಕತ್ತರಿ ಹಿಡಿದು ಗಡ್ಡ ಸರಿಮಾಡುತ್ತಾ, ಈ ವಯಸ್ಸಿನಲ್ಲಿ ಯಾರಿಗೆ ತೋರಿಸಲು ಈ ಚಂದ ಎಂದು ನಾನೂ ನಕ್ಕೆ. ಸುಟ್ಟ ಕೂದಲಿನ ನಾತ ಮನೆಯೆಲ್ಲ ತುಂಬಿ ನಾನು ಮೂಗಿಗೆ ಸೆರಗು ಹಿಡಿದಿದ್ದೆ. ಅವರು ಮಾತ್ರ ಯಾವ ನಾತವೂ ಇಲ್ಲದವರ ಹಾಗೆ ಕೂತಿದ್ದರು. ಆಗಲೇ ತಿಳಿಯಬೇಕಿತ್ತು ನನಗೆ.

ಟ್ರೇಲರ್ ಒಪ್ಪಿಸುವ ದಿನ ಉಡಚಮ್ಮ ಊಟಕ್ಕೆ ಹೇಳಿಕಳಿಸಿದ್ದರಿಂದ ನಾನೂ ಸಾರಥಿಗೆ ಹೋಗಿದ್ದೆ. ಉಡಚಮ್ಮ ಎಂದರೆ ಸಣ್ಣತಿಮ್ಮಪ್ಪನವರ ಹೆಂಡತಿ, ನಿನ್ನನ್ನು ಬಹಳ ಕೇಳಿದರು. ಹಸಿರು ಬಣ್ಣ ಹೊಡೆದ ಟ್ರೇಲರ್ ಹೊಲದಲ್ಲಿ ಬಂದು ನಿಂತಾಗ ಅಕ್ಕಪಕ್ಕದ ಹೊಲದವರೂ ಸೇರಿದ್ದರು. ದನಕ್ಕೆಂದು ಏನೇ ಮಾಡಿಕೊಟ್ಟರೂ ಮಾಡಿದವನೇ ಮೊದಲು ಅದರಲ್ಲಿ ನೀರು ಕುಡಿಯಬೇಕು ಎಂಬುದು ನಿನ್ನ ಅಜ್ಜನ ಕಾಲದಿಂದ ಬಂದದ್ದು. ನಿನ್ನ ಅಬ್ಬಾ ಬಿಸ್ಮಿಲ್ಲಾ ಎಂದು ಎರಡು ಬೊಗಸೆ ಕುಡಿದು, "ಹೊಳೆ ನೀರೇ ಐತೆ, ಬಿಡ್ರಿ ದನಾನ" ಎಂದರು. ಬೆಳಗಿನಿಂದ ಬೇಕೆಂದೇ ನೀರು ಕೊಡದೆ ಕಟ್ಟಿದ್ದ ದನಗಳು ಓಡಿ ಬಂದವು. ಬಾನಿಗೆ ಮೂತಿ ಇಟ್ಟವು, ಬುಸ್ಸೆಂದು ಉಸಿರು ಬಿಟ್ಟು ಹಿಂದೆ ಸರಿದವು. ಒಂದೂ ಕುಡಿಯಲಿಲ್ಲ. ಒಂದು ಮುದಿ ಹಸು ಮಾತ್ರ ಮತ್ತೆ ಮತ್ತೆ ಬಂದು ಮೂಸುತ್ತಿತ್ತು. ಬಾಯಾರಿಕೆ ತಡೆಯದೆ ಬರುವುದು, ನೀರು ಮುಟ್ಟಲಾಗದೆ ತಲೆ ಕೊಡವಿ ಹೋಗುವುದು. ನೋಡಲಾಗಲಿಲ್ಲ ನನಗೆ.

ಹೊಸ ಬಣ್ಣಕ್ಕೆ ಹೆದರಿವೆ ಎಂದು ಯಾರೋ ಅಂದರು. ಉಡಚಮ್ಮ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದರು. "ಅಯ್ಯೋ ಸಾಬ್ರೆ, ಸೀಮೆಎಣ್ಣೆ ವಾಸ್ನೆ ಹೊಡೀತೈತಲ್ರಿ! ಎರಡು ಬೊಗಸೆ ಕುಡಿದ್ರಲ್ಲ, ಗೊತ್ತಾಗ್ಲಿಲ್ಲೇನ್ರಿ?" ನಿನ್ನ ಅಬ್ಬಾ ಬಾನಿಯ ಅಂಚು ಹಿಡಿದುಕೊಂಡು ನೀರನ್ನೇ ನೋಡುತ್ತಾ ನಿಂತರು. ಮೂವತ್ತು ವರ್ಷದಲ್ಲಿ ನಾಲ್ಕು ಜನರೆದುರು ಅವರ ತಲೆ ಹಾಗೆ ಬಗ್ಗಿದ್ದನ್ನು ನಾನು ಕಂಡಿರಲಿಲ್ಲ. ಸಣ್ಣತಿಮ್ಮಪ್ಪನವರು ದೊಡ್ಡ ಮನುಷ್ಯ, "ಆತು ಬಿಡ್ರಿ, ತೊಳದ್ರೆ ಹೋಕ್ಕೈತೆ. ಊಟಕ್ಕೆ ಕೂಡ್ರಿ ಬರ್ರಿ" ಎಂದು ಕೈ ಹಿಡಿದು ಕರೆದರು. ನಿನ್ನ ಅಬ್ಬಾ ಎರಡು ತುತ್ತಿಗೇ ಎದ್ದುಬಿಟ್ಟರು. ನನಗೆ ಸೀಮೆಎಣ್ಣೆಗಿಂತ ಬೇರೆಯದೇ ಯೋಚನೆ ಹತ್ತಿತ್ತು. ಸೀಮೆಎಣ್ಣೆಯ ಟ್ಯಾಂಕಿಗೆ ಇವರು ಬೆಂಕಿ ಹಿಡಿದಿದ್ದಾರೆ. ಆ ದಿನ ಸುಟ್ಟದ್ದು ಬರೀ ಗಡ್ಡ.

ಟ್ರೇಲರನ್ನು ಅಂಗಡಿಗೆ ವಾಪಸು ತಂದು ನೀರು ಕಾಸಿ, ಸೋಡಾ ಹಾಕಿ, ಒಬ್ಬರೇ ಉಜ್ಜಿ ಉಜ್ಜಿ ತೊಳೆದರು. ಆರನೇ ದಿನ ದನ ಕುಡಿದವು. ಆ ಮುದಿ ಹಸು ಮೊದಲು ಕುಡಿಯಿತಂತೆ. ಅದನ್ನು ಹೇಳುವಾಗಲೂ ಅವರ ಮುಖದಲ್ಲಿ ಗೆಲುವಿರಲಿಲ್ಲ. ಶುಕ್ರವಾರ ಜುಮ್ಮಾ ನಮಾಜಿಗೆ ಹೊರಟಾಗ ಅವರ ಅಂಗಿಗೆ ಅತ್ತರಿನ ಬದಲು ಒಂದು ತೊಟ್ಟು ಸೀಮೆಎಣ್ಣೆ ಹಚ್ಚಿ ಕೊಟ್ಟೆ. ಮಾಡಬಾರದಿತ್ತು, ಖುದಾ ಕ್ಷಮಿಸಲಿ. ತೊಟ್ಟುಕೊಂಡರು, ಗುಂಡಿ ಹಾಕಿದರು, ಟೋಪಿ ಕೇಳಿದರು. ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ಆಗ ಹೇಳಿದರು, ಎರಡು ವರ್ಷವಾಯಿತಂತೆ. ಸತುವಿನ ತಗಡು ಬೆಸೆಯುವಾಗಿನ ಹೊಗೆ ಕುಡಿದು ಕುಡಿದು ಮೂಗು ಸತ್ತೇ ಹೋಗಿದೆ. ಊಟ ಬಿಸಿ ಇದೆಯೋ, ತಣ್ಣಗಿದೆಯೋ, ಉಪ್ಪೋ ಖಾರವೋ, ಅಷ್ಟೇ ಗೊತ್ತಾಗುವುದು. ಎರಡು ವರ್ಷ ನನ್ನ ಬಿರಿಯಾನಿ ಘಮಘಮ ಎನ್ನುತ್ತದೆ ಎಂದು ಹೊಗಳಿದ್ದೆಲ್ಲ ಬಾಯಿಮಾತು, ನೋಡು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಎರಡು ವರ್ಷ ಎಂದರೆ ನೀನು ಹೋಗುವುದಕ್ಕೂ ಮೊದಲು, ಖುದ್ದೂಸ್. ಆವತ್ತು ಬೆಸುಗೆಗೆ ಬಂದಿದ್ದ ಡ್ರಮ್ಮಿನಲ್ಲಿ ಪೆಟ್ರೋಲು ಇದೆ, ಮುಟ್ಟಬೇಡಿ ಎಂದು ಗಿರಾಕಿಗಳೆದುರು ನೀನು ಹೇಳಿದೆ. ನನಗೇ ಕಲಿಸ್ತೀಯಾ ಎಂದು ಅವರು ನಿನ್ನ ಕೆನ್ನೆಗೆ ಹೊಡೆದರು. ನೀನು ಬಟ್ಟೆ ತುಂಬಿಕೊಂಡು ರೈಲು ಹತ್ತಿದೆ. ನೀನು ಹೋದ ಮೇಲೆ ಆ ಡ್ರಮ್ಮನ್ನು ಅವರು ಮುಟ್ಟಲಿಲ್ಲವಂತೆ, ಗಿರಾಕಿಗೆ ಹಾಗೇ ವಾಪಸು ಕೊಟ್ಟರಂತೆ. ನೀನು ಹೇಳಿದ್ದು ನಿಜ ಎಂದು ಅವರಿಗೆ ಆವತ್ತೇ ಗೊತ್ತಿತ್ತು. ಇದನ್ನು ನನ್ನೆದುರು ಹೇಳಿದರು, ನಿನಗೆ ಬರೆ ಎಂದು ಮಾತ್ರ ಹೇಳಲಿಲ್ಲ.

ಈಗ ನಂದಿಗುಡಿಯ ಇಬ್ಬರು ಅಂಥದ್ದೇ ಟ್ರೇಲರ್ ಬೇಕೆಂದು ಬಂದಿದ್ದಾರೆ. ಬೇಡ ಎನ್ನಿ ಎಂದೆ. "ನಲವತ್ತು ವರ್ಷದ ಕೈ ಐತೆ, ಮೂಗು ಹೋದ್ರೆ ಹೋತು" ಎಂದು ದಾವಣಗೆರೆಯಿಂದ ಎರಡು ಟ್ಯಾಂಕು ತಂದು ಅಂಗಡಿ ಮುಂದೆ ನಿಲ್ಲಿಸಿದ್ದಾರೆ. ಇವತ್ತು ಬೆಳಿಗ್ಗೆ ನಾನೇ ಹೋಗಿ ಮುಚ್ಚಳ ತೆಗೆದು ಮೂಸಿದೆ. ಒಂದರಲ್ಲಿ ಪೆಟ್ರೋಲು, ಕಣ್ಣು ಉರಿಯುವಷ್ಟು. ಹೇಳಿದರೆ, ಅಂಗಡಿ ವಿಷಯ ಹೆಂಗಸರಿಗ್ಯಾಕೆ ಎಂದರು. ನಾಳೆ ಬೆಳಿಗ್ಗೆ ಕೆಲಸ ಶುರುವಂತೆ. ನಿನಗೂ ಅಲ್ಲಿ ನಿನ್ನದೇ ಬದುಕಿದೆ, ಬಾ ಎಂದು ಹೇಗೆ ಬರೆಯಲಿ? ಆದರೆ ನನಗೆ ಭಯವಾಗುತ್ತಿದೆ, ಮಗನೆ.

ನಿನ್ನನ್ನು ಖುದಾ ಕಾಯಲಿ, ಕೈಯಲ್ಲಿನ ಕೆಲಸದಲ್ಲಿ ಬರಕತ್ತು ಕೊಡಲಿ. ಸಣ್ಣತಿಮ್ಮಪ್ಪ, ಉಡಚಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ.

ನಿನ್ನ ಅಮ್ಮಿ
ಹಜೀರಾಬೀ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಲಕೋಟೆಯಲ್ಲಿ ಬಟ್ಟೆ ಸುತ್ತಿ ಹೊಲಿದು ಇಟ್ಟಿರುವುದು ಗ್ಯಾಸ್ ಸಿಲಿಂಡರಿನ ಚಾವಿ. ಸ್ವಲ್ಪ ಹೊತ್ತಿನ ಹಿಂದೆ ಅವರ ಅಂಗಿಯ ಜೇಬಿನಿಂದ ತೆಗೆದೆ. ಇದಿಲ್ಲದೆ ಅಂಗಡಿಯಲ್ಲಿ ಬೆಂಕಿ ಹೊತ್ತುವುದಿಲ್ಲ. ಹೊಸದು ತರುವುದು ಅವರಿಗೆ ಒಂದು ಗಳಿಗೆಯ ಕೆಲಸ, ಅದು ನನಗೂ ಗೊತ್ತು. ಆದರೆ ನಾನು ಜೇಬಿಗೆ ಕೈ ಹಾಕಿದಾಗ ಅವರಿಗೆ ಎಚ್ಚರವಿತ್ತು. ಚಾವಿ ನೋಡಿದರು, ನನ್ನ ಕೈಯಲ್ಲಿದ್ದ ಈ ಪತ್ರ ನೋಡಿದರು, ತಡೆಯದೆ ಗೋಡೆ ಕಡೆ ತಿರುಗಿ ಮಲಗಿದರು.