ಗೇರು ಯಾವ ಕಡೆಗೆ?

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಈ ಕಥೆಯನ್ನು ನಿನಗೆ ಮೊದಲು ಹೇಳಿದವನು ಅಪ್ಪ, ಮೊನ್ನೆ ಸೋಮವಾರ ಫೋನಿನಲ್ಲಿ. ಹೋದೆವು, ಗಾಡಿ ಕೊಟ್ಟೆವು, ಬಂದೆವು ಅಂದನಂತೆ. ಮೂರೇ ಮಾತು! ವ್ಯಾನು ಓಡಿಸಿದವಳು ನಾನು. ಇಬ್ಬರು ಮುದುಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ತಲೆ ಚಿಟ್ಟು ಹಿಡಿದದ್ದನ್ನು ಯಾರು ಹೇಳಬೇಕು?

ಟಪಾಲು ಮಾವನನ್ನು ನೀನು ನೋಡಿಲ್ಲ, ಕೇಳಿರುತ್ತೀಯ. ಸೈನ್ಯದಲ್ಲಿ ಅಪ್ಪನ ಪಟಾಲಮಿನಲ್ಲೇ ಇದ್ದು ಮೋಟಾರ್ ಸೈಕಲ್ ಮೇಲೆ ಕಾಗದಪತ್ರ ಸಾಗಿಸುತ್ತಿದ್ದವರು, ಇಳಿಜಾರಿನಲ್ಲಿ ಬಿದ್ದು ಒಂದು ಕಾಲು ಕಳೆದುಕೊಂಡವರು. ಅವತ್ತು ಬೆಳಿಗ್ಗೆ ಆ ಗಾಡಿಯ ಬ್ರೇಕು ಬಿಗಿದು ಕೊಟ್ಟವನು ಅಪ್ಪ. ಆಮೇಲೆ ಇಪ್ಪತ್ತೆಂಟು ವರ್ಷ ಅವರ ಮನೆ ಕಡೆ ತಲೆ ಹಾಕಲಿಲ್ಲ. ನಮ್ಮ ಗ್ಯಾರೇಜಿನಿಂದ ಹೊರಡುವ ಪ್ರತಿ ಗಾಡಿಯ ಬ್ರೇಕನ್ನೂ ಮೂರು ಮೂರು ಸಲ ಒತ್ತಿ ನೋಡಿ ಗಿರಾಕಿಗಳಿಂದ ಬೈಸಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಈಗ ಹಳೆಯ ಗೆಳೆಯರೆಲ್ಲ ಸೇರಿ ಅದೇ ಮಾದರಿಯ ಮೋಟಾರ್ ಸೈಕಲ್ ಹುಡುಕಿ, ಮಾವನಿಗೆ ಉಡುಗೊರೆ ಕೊಟ್ಟು ಬಾ ಎಂದು ಅಪ್ಪನ ಕೈಗೇ ಒಪ್ಪಿಸಿದರು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ಆರು ತಿಂಗಳು ಕೂತು ರಿಪೇರಿ ಮಾಡಿದ. ಕಾಲಿನ ಬ್ರೇಕನ್ನು ಕೈಗೆ ತಂದ. ಗೇರನ್ನು ಎಡಕ್ಕಾದರೂ ಬಲಕ್ಕಾದರೂ ಕೂರಿಸುವಂತೆ ಮಾಡಿ, ಬಲಕ್ಕೆ ಕೂರಿಸಿದ. ಗಾಡಿಯನ್ನು ವ್ಯಾನಿಗೆ ಹೇರಿ ಹೊರಟು ಒಂದು ಗಂಟೆಯಾಗಿರಲಿಲ್ಲ, ಅದೇ ಪಟಾಲಮಿನಲ್ಲಿದ್ದ ಮೀಸೆ ಚಿಕ್ಕಪ್ಪ ಶುರು ಮಾಡಿದ: ಗೇರು ಬಲಕ್ಕೆ ಯಾಕೋ ಇಟ್ಟೆ, ಹೋಗಿದ್ದೇ ಬಲಗಾಲಲ್ವಾ ಅಂತ. ಎಡಗಾಲು ಅಂದ ಅಪ್ಪ. ಬಲಗಾಲೋ ಮಾರಾಯ, ಸ್ಟ್ರೆಚರ್ ಹಿಡಿದವನು ನಾನು ಅಂದ ಚಿಕ್ಕಪ್ಪ. ನೀನು ಹಿಡಿದಿದ್ದು ತಲೆ ಕಡೆ ಅಂದ ಅಪ್ಪ.

ಫೋನ್ ಮಾಡಿ ಕೇಳಿಬಿಡಿ ಅಂದೆ. ಇಬ್ಬರೂ ಒಂದಾಗಿ ನನ್ನ ಮೇಲೆ ಹರಿಹಾಯ್ದರು. ಇಷ್ಟು ವರ್ಷ ಆದ್ಮೇಲೆ ಫೋನ್ ಮಾಡಿ, ನಿಂಗೆ ಯಾವ ಕಾಲಿಲ್ಲಪ್ಪಾ ಅಂತ ಕೇಳೋಕಾಗುತ್ತೇನೇ ಅಂತ!

ಪೆಟ್ರೋಲ್ ಬಂಕಿನಲ್ಲಿ ಗೇರು ಎಡಕ್ಕೆ ಹೋಯಿತು. ಊಟವಾದ ಮೇಲೆ ಬಲಕ್ಕೆ ಬಂತು. ಇನ್ನೇನು ಊರು ಸಿಕ್ಕಿತು ಅನ್ನುವಾಗ ನಿಲ್ಲಿಸೇ ಅಂದ ಅಪ್ಪ, ಮತ್ತೆ ಎಡಕ್ಕೆ. ನನಗೆ ಪಿತ್ತ ನೆತ್ತಿಗೇರಿತ್ತು, ಬೈಯಲು ಇಳಿದೆ. ನೋಡಿದರೆ ಅಪ್ಪ ಸ್ಪ್ಯಾನರ್ ಹಿಡಿದು, ಬಿಗಿದಾಗಿದ್ದ ನಟ್ಟನ್ನೇ ಬಿಚ್ಚಿ ಬಿಚ್ಚಿ ಮತ್ತೆ ಬಿಗಿಯುತ್ತಿದ್ದಾನೆ. ಅವನಿಗೆ ಕಾಲಿನ ಚಿಂತೆಯಲ್ಲ ಅಕ್ಕಾ, ತಲುಪುವುದೇ ಬೇಡವಾಗಿತ್ತು. ಬೈಗುಳ ನುಂಗಿಕೊಂಡೆ.

ಮಾವ ಹೊರಗೆ ಬಂದರು. ಪ್ಯಾಂಟು, ಪಾಲಿಶ್ ಮಾಡಿದ ಬೂಟು, ನೆಟ್ಟಗಿನ ನಡಿಗೆ. ಯಾವ ಕಾಲು ಅಂತ ದೇವರಿಗೂ ತಿಳಿಯದು. ಇವರಿಬ್ಬರೂ ಬಾಯಿಬಿಟ್ಟುಕೊಂಡು ಅವರ ಪಾದವನ್ನೇ ನೋಡುತ್ತ ನಿಂತರು. ಏನ್ರೋ, ಬೂಟು ಕೊಳ್ಳೋಕೆ ಬಂದ್ರಾ ಅಂದರು ಮಾವ. ನಾನೇ ನಾಚಿಕೆ ಬಿಟ್ಟು ಕೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕು, ಅಪ್ಪನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಎಡಗಾಲಿಗೆ ಬಡಿದರು. ಟಣ್ ಅಂತು. ಮೊದಲಿದ್ದ ಕಡೆಯೇ ಸರಿಯಾಗಿತ್ತು, ತಿಳಿಯಿತಾ!

ಅಪ್ಪ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ನಾಲ್ಕನೆಯ ಸಲ ಗೇರು ಬಿಚ್ಚಿದ. ತಲೆ ಎತ್ತದೆಯೇ, ಆವತ್ತು ಆ ಬ್ರೇಕು... ಅಂದ. ಬ್ರೇಕು ಸರಿಯಾಗೇ ಇತ್ತು ಕಣೋ, ನಾಯಿ ಅಡ್ಡ ಬಂತು, ಇದನ್ನ ಇಷ್ಟು ವರ್ಷ ಹೊತ್ಕೊಂಡು ತಿರುಗಿದೆಯಾ ಗೂಬೆ ಅಂತ ಮಾವ ಬೈದರು. ಸಂಜೆಯೆಲ್ಲ ಅದೇ ನಾಯಿಯ ಕಥೆ. ಅದರ ಒಂದು ಕಿವಿ ಬಿಳಿ ಅನ್ನುವವರೆಗೂ ಹೇಳಿದರು. ಅಪ್ಪ ನಕ್ಕ, ಅತ್ತ, ಎರಡು ಸಲ ಬಡಿಸಿಕೊಂಡು ಉಂಡ.

ಮರುದಿನ ಬೆಳಿಗ್ಗೆ ಮಾವ ಗಾಡಿ ಏರಿದರು. ಅಪ್ಪ ಹಿಂದೆ ಹತ್ತಿ ಕೂತ. ಮುಂದಿನ ಸರದಿ ನಂದು ಕಣ್ರೋ ಅಂತ ಚಿಕ್ಕಪ್ಪ ಬೀದಿಯುದ್ದಕ್ಕೂ ಓಡಿದ. ಅಕ್ಕಾ, ಹತ್ತುವ ಮುಂಚೆ ಅಪ್ಪ ಬ್ರೇಕನ್ನು ಮುಟ್ಟಿಯೂ ನೋಡಲಿಲ್ಲ!

ಇಂತಿ,
ಸಾಕುಸಾಕಾದ ನಿನ್ನ ತಂಗಿ

ತಾ.ಕ.: ಅವತ್ತು ರಾತ್ರಿ ಊಟವಾದ ಮೇಲೆ ನಾನು ತಟ್ಟೆ ತೊಳೆಯುವಾಗ ಮಾವ ಒಳಗೆ ಬಂದಿದ್ದರು. ನಾಯಿ ಇರಲಿಲ್ಲವಂತೆ. ಬ್ರೇಕಿನ ನಟ್ಟು ಸಡಿಲವಾಗಿದ್ದದ್ದು ನಿಜವಂತೆ. ನಿಮ್ಮಪ್ಪನಿಗೆ ಹೇಳಬೇಡಮ್ಮಾ ಅಂದರು. ಅದಕ್ಕೇ ಬೆಳಿಗ್ಗೆ ಅವರೆಲ್ಲ ಏಳುವ ಮೊದಲೇ ಅಂಗಳಕ್ಕೆ ಹೋಗಿ ಬ್ರೇಕು ಒತ್ತಿ ನೋಡಿದೆ. ಮೂರು ಸಲ. ಓದಿ ಹರಿದುಹಾಕು.