ವಾಸನೆ ಇದೆಯಾ, ವರ್ನಾ?

ಮಾರ್ಚ್ 20, ಶುಕ್ರವಾರ

ಮತ್ತೆ ಮೀನು. ಈಸ್ಟರ್ ತನಕ ಮಾಂಸ ಬಿಡುವ ಶುಕ್ರವಾರಗಳೆಲ್ಲ ಹೀಗೇ — ಅಗ್ನಿಶಾಮಕ ದಳದ ಫೈರ್ ಹಾಲ್ ಅಡುಗೆಮನೆ, ಕುದಿಯುವ ಎಣ್ಣೆ, ಬಾಗಿಲಾಚೆಗೂ ಜನರ ಸಾಲು. ಮೈಯೆಲ್ಲ ಎಣ್ಣೆ ವಾಸನೆ. ಈ ವರ್ಷ ಅದೇ ಹಿತವಾಗಿದೆ. ಆ ಇನ್ನೊಂದು ವಾಸನೆ ಮೂಗಿಗೆ ಬಡಿಯುವುದಿಲ್ಲವಲ್ಲ.

ಹಾಲ್ ಪಕ್ಕದಲ್ಲಿ ಹೊಸ ಅಗ್ನಿಶಾಮಕ ಗಾಡಿ. ಗ್ಯಾಸ್ ಕಂಪನಿಯ ಉಡುಗೊರೆ. ಬಾಗಿಲ ಮೇಲೆ ಕಂಪನಿಯ ಹೆಸರು, ಊರಿನ ಹೆಸರಿಗಿಂತ ದಪ್ಪಗೆ. ಕ್ಲೈಡ್ ಮೆಕ್ವೈಲ್ ತಟ್ಟೆ ಹಿಡಿದು ಬಂದ. ನಮ್ಮ ಮನೆಯ ಹಿಂದಿನ ಗುಡ್ಡ ಅವನದು. ಗ್ಯಾಸ್ ಬಾವಿ ಕೊರೆಯಲು ಕಂಪನಿಗೆ ಬರೆದುಕೊಟ್ಟವನು.

"ಏನ್ ವರ್ನಾ, ನನ್ ಮೇಲಿನ ಸಿಟ್ಟು ಮೀನಿನ ಮೇಲೆ ತೀರಿಸ್ಕೊಂಡ್ಯಾ? ಕರಕಲಾಗಿದೆ."

"ನಿನ್ ಗುಡ್ಡದ ಗ್ಯಾಸಲ್ಲೇ ಕರಿದೆ. ಜಾಸ್ತಿ ಬೆಂದೋಯ್ತು."

ಸಾಲಿನವರೆಲ್ಲ ನಕ್ಕರು. ಕ್ಲೈಡೂ ನಕ್ಕ. ನನ್ನ ಗಂಡ ಎಮಿಲ್ ಜತೆ ಪ್ರತಿ ಚಳಿಗಾಲ ಜಿಂಕೆ ಬೇಟೆಗೆ ಹೋಗುತ್ತಿದ್ದವನು. ನೆಟ್ಟಗೆ ದ್ವೇಷಿಸೋಣ ಎಂದರೂ ಆಗುವುದಿಲ್ಲ.

ಎಮಿಲ್‌ಗೆ ಮೀನು ಕಟ್ಟಿಸಿಕೊಂಡು ಬಂದೆ. ಕುರ್ಚಿಯಲ್ಲಿದ್ದ, ಮೂಗಿಗೆ ಆಕ್ಸಿಜನ್ ನಳಿಕೆ. ಬಾಗಿಲು ಹಾಕುವ ಮೊದಲೇ ಪ್ರಶ್ನೆ.

"ವಾಸನೆ ಇದೆಯಾ, ವರ್ನಾ?"

"ಇದೆ."

ನದಿ ದಂಡೆಯಲ್ಲಿ ಕಲ್ಲಿದ್ದಲು ಬೇಯಿಸುವ ಕೋಕ್ ಕಾರ್ಖಾನೆಯಲ್ಲಿ ದುಡಿದು ದುಡಿದು ಅವನ ಮೂಗು ಪೂರ್ತಿ ಹೋಗಿದೆ, ಶ್ವಾಸಕೋಶ ಅರ್ಧ. ಈ ಮನೆಯ ಮೂಗು ನಾನು. ಇದೆ ಎಂದರೆ ಕಿಟಕಿ ಮುಚ್ಚಿರುತ್ತದೆ. ಇಲ್ಲ ಎಂದರೆ ತೆರೆಯುತ್ತೇವೆ. ತೆರೆದು ಎಷ್ಟು ದಿನವಾಯಿತೋ.

ಏಪ್ರಿಲ್ 9

ಬಂಡೆ ಒಡೆಯುವುದು ಮುಗಿಯಿತಂತೆ. ವಾರಗಟ್ಟಲೆ ನೀರು, ಮರಳು, ಹೆಸರು ಹೇಳದ ರಾಸಾಯನಿಕ — ಎಲ್ಲ ನೆಲದಾಳಕ್ಕೆ ಒತ್ತಿದರು. ಈಗ ಅದು ವಾಪಸ್ ಉಕ್ಕುತ್ತಿದೆ, ಜತೆಗೆ ಗ್ಯಾಸು. ಹೆಚ್ಚಾದದ್ದನ್ನು ಎತ್ತರದ ಕೊಳವೆಯ ತುದಿಯಲ್ಲಿ ಉರಿಸುತ್ತಾರೆ. ಪಾತ್ರೆ ತೊಳೆಯುವಾಗ ಕಿಟಕಿಯ ಗಾಜು ಗುಂಯ್ ಎನ್ನುತ್ತದೆ.

ವಾಸನೆ ಹೇಗಿದೆ ಎಂದು ಎಮಿಲ್ ಕೇಳಿದ. ಹೇಗೆ ಹೇಳಲಿ... ಪೆಟ್ರೋಲ್ ಬಂಕು, ಉಗುರು ಬಣ್ಣ, ಕೊಳೆತ ಈರುಳ್ಳಿ. ನಾಲಿಗೆಯ ಮೇಲೆ ತಾಮ್ರದ ಕಾಸು ಇಟ್ಟ ಹಾಗೆ.

ಸರ್ಕಾರಿ ಕಚೇರಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ಕೊನೆಗೂ ಒಬ್ಬ ಬಂದ. ಅವತ್ತೇ ಗಾಳಿ ಆ ಕಡೆ ತಿರುಗಬೇಕೆ! ಅಂಗಳದಲ್ಲಿ ನಿಂತು ಮೂಸಿದ.

"ನನಗೇನೂ ಬರ್ತಿಲ್ವಲ್ಲಮ್ಮ."

"ನಾಳೆ ಬನ್ನಿ. ಊಟಕ್ಕೇ ಬನ್ನಿ. ಬರುತ್ತೆ."

ನಗಲಿಲ್ಲ. ಏನೋ ಬರೆದುಕೊಂಡು ಹೋದ. ಎಮಿಲ್ ಸಂಜೆಯೆಲ್ಲ ಕೆಮ್ಮಿದ.

ಏಪ್ರಿಲ್ 23

ನರ್ಸ್ ಡೀನಾ ಬಂದಿದ್ದಳು. ಕ್ಲಿನಿಕ್ ಬಿಟ್ಟು ಈಗ ನಮ್ಮಂಥವರ ಮನೆ ಮನೆ ಸುತ್ತುತ್ತಾಳೆ, ಬಾವಿಗಳ ಪಕ್ಕದವರು. ಒಂದು ಡಬ್ಬ ಕೊಟ್ಟಳು. ಉಕ್ಕಿನದು, ಕುಂಬಳಕಾಯಿ ಗಾತ್ರ, ನೆತ್ತಿಯ ಮೇಲೊಂದು ತಿರುಪು, ಒತ್ತಡದ ಏರಿಳಿತ ದಾಖಲಿಸುವ ಮುಳ್ಳಿನ ಮೀಟರು. ಒಳಗೆ ಗಾಳಿಯೇ ಇಲ್ಲವಂತೆ. ತಿರುಪು ಬಿಚ್ಚಿದರೆ ಒಂದು ಹಗಲು ಒಂದು ರಾತ್ರಿ ನಿಧಾನವಾಗಿ ಉಸಿರೆಳೆದುಕೊಳ್ಳುತ್ತದೆ. ಆಮೇಲೆ ಲ್ಯಾಬಿಗೆ.

"ಇರೋದು ಇದೊಂದೇ, ವರ್ನಾ ಅವರೇ. ಇನ್ನೊಂದು ಸಿಗೋದು ಯಾವಾಗ್ಲೋ. ತೀರಾ ಜೋರಾದಾಗ ಬಿಚ್ಚಿ."

ಎಮಿಲ್ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸವರಿದ. "ನನ್ ಶ್ವಾಸಕೋಶಕ್ಕಿಂತ ಇದೇ ವಾಸಿ" ಎಂದ.

ಮೇ 13, ಸಂಜೆ

ಇವತ್ತು. ಮಧ್ಯಾಹ್ನದಿಂದ ಕಣ್ಣುರಿ. ಗುಡ್ಡದ ಉರಿ ಮನೆ ಕಡೆಗೇ ಬಾಗಿದೆ. ಡಬ್ಬವನ್ನು ಬೇಲಿ ಕಂಬಕ್ಕೆ ತೂಗುಹಾಕಿ ತಿರುಪು ಬಿಚ್ಚಿದೆ. ಸಣ್ಣಗೆ ಸುಯ್ ಎಂದಿತು. ಕುಡಿ, ಕುಡಿ ಎಂದೆ. ಜೋರಾಗಿಯೇ ಎಂದೆ.

ರೇಡಿಯೋದಲ್ಲಿ ಹಿಮದ ಎಚ್ಚರಿಕೆ. ತಾಯಂದಿರ ದಿನ ಕಳೆದ ಮೇಲೂ! ಎಮಿಲ್‌ಗೆ ಟೊಮೇಟೊ ಸಸಿಗಳ ಚಿಂತೆ. ಅವನ ಅಜ್ಜಿ ಸ್ಲೊವಾಕಿಯಾದಿಂದ ಲಂಗದ ಅಂಚಿನಲ್ಲಿ ಹೊಲಿದು ತಂದ ತಳಿ. ಕುಂಡಗಳನ್ನು ಒಳಗೆ ಸಾಗಿಸಬೇಕು.

"ನೀನ್ ಮಲಗು ಮುದುಕಿ. ನಾನು ನಿಧಾನಕ್ಕೆ ತರ್ತೀನಿ."

ತಲೆ ಒಡೆಯುತ್ತಿದೆ. ಮಾತ್ರೆ ನುಂಗಿದೆ. ಮಲಗುವೆ.

ಮೇ 14

ಹುಲ್ಲೆಲ್ಲ ಬೆಳ್ಳಗೆ. ಡಬ್ಬ ಕಂಬದಲ್ಲೇ ಇತ್ತು, ಒಣಗಿತ್ತು. ಬಿಸಿಲಿಗೆ ಉಕ್ಕು ಬೇಗ ಒಣಗುತ್ತದೆ. ಸಸಿಗಳೂ ಉಳಿದಿವೆ. ಸಂಜೆ ತಿರುಪು ಬಿಗಿ ಮಾಡಿದೆ. ಡೀನಾ ಬಂದು ಒಯ್ದಳು.

ಜೂನ್ 11

ಲ್ಯಾಬಿನ ಉತ್ತರ ಬಂತು. ಬೆಂಜೀನ್. ರಕ್ತಕ್ಕೇ ಕೈ ಹಾಕುವಂಥದು. ಡೀನಾ ಫೋನ್ ಮಾಡಿದಳು.

"ಇಷ್ಟು ನಾನು ಎಲ್ಲೂ ನೋಡಿಲ್ಲ. ಇದೊಂದು ಸಾಕು."

ಅತ್ತುಬಿಟ್ಟೆ. ಸಂತೋಷಕ್ಕೆ. ತನ್ನ ಮನೆಯ ಗಾಳಿಯಲ್ಲಿ ವಿಷವಿದೆ ಎಂದು ತಿಳಿದು ಖುಷಿಯಿಂದ ಅಳುವ ಹೆಂಗಸು ನಾನೊಬ್ಬಳೇ ಇರಬೇಕು.

"ಹಂಗಾದ್ರೆ ನಿನಗೆ ಹುಚ್ಚು ಹಿಡಿದಿಲ್ಲ" ಎಂದ ಎಮಿಲ್.

ಜುಲೈ ಏಳಕ್ಕೆ ಫೈರ್ ಹಾಲ್‌ನಲ್ಲಿ ಊರಿನ ಆಡಳಿತ ಮಂಡಳಿಯ ವಿಚಾರಣೆ. ಗುಡ್ಡದ ಮೇಲೆ ಗ್ಯಾಸ್ ಒತ್ತುವ ದೊಡ್ಡ ಇಂಜಿನ್‌ಗಳನ್ನು ಹೂಡಲು ಕಂಪನಿ ಅನುಮತಿ ಕೇಳಿದೆ. ಬಾವಿಯ ಉರಿಯಾದರೆ ಇಂದಲ್ಲ ನಾಳೆ ಆರುತ್ತದೆ. ಇಂಜಿನ್ ಹಗಲೂ ರಾತ್ರಿ, ವರ್ಷಗಟ್ಟಲೆ. ಎದೆ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ — ಇಂಥ ಗಾಳಿ ಇನ್ನೊಂದು ಚಳಿಗಾಲ ಕುಡಿದರೆ ಇವರು ಉಳಿಯುವುದಿಲ್ಲ ಎಂದರು.

ಈಗ ನಮ್ಮ ಕೈಯಲ್ಲೊಂದು ಆಧಾರ ಇದೆ.

ಜುಲೈ 5, ಭಾನುವಾರ

ಪಾತ್ರೆಗಳನ್ನು ಹಾಗೇ ಬಿಟ್ಟು ಬರೆಯಲು ಕೂತೆ.

ಊಟಕ್ಕೆ ಹಲುಷ್ಕಿ ಮಾಡಿದ್ದೆ, ಬೆಣ್ಣೆಯಲ್ಲಿ ಹುರಿದ ಕೋಸು, ನೂಡಲ್ಸ್. ಎಮಿಲ್ ಒಳ್ಳೆ ಹುಮ್ಮಸ್ಸಿನಲ್ಲಿದ್ದ. ಗಿಡಗಳ ತುಂಬ ಕಾಯಿ.

"ಆ ಹಿಮದ ರಾತ್ರಿ ಒಳಗೆ ತರದೇ ಇದ್ದಿದ್ರೆ ಒಂದೂ ಉಳೀತಿರ್ಲಿಲ್ಲ. ನಿನ್ ಡಬ್ಬಾನೂ ಅಷ್ಟೇ."

"ನನ್ ಡಬ್ಬ?"

"ಅದನ್ನೂ ತಂದೆನಲ್ಲ. ಮುಳ್ಳು ಗಿಳ್ಳು ಇತ್ತು. ಹಿಮಕ್ಕೆ ಕೆಟ್ಟೋದ್ರೆ ಆ ಹುಡುಗಿಗೆ ಏನ್ ಹೇಳೋದು? ಬೆಳಿಗ್ಗೆ ಎದ್ದವನೇ ವಾಪಸ್ ಸಿಗಿಸ್ದೆ."

"ಎಲ್ಲಿಟ್ಟಿದ್ದೆ, ಎಮಿಲ್?"

"ಗ್ಯಾರೇಜಲ್ಲಿ. ಸಸಿ ಪಕ್ಕ, ಟ್ರ್ಯಾಕ್ಟರ್ ಹತ್ರ. ಯಾಕೆ?"

ಗ್ಯಾರೇಜಿಗೆ ಹೋದೆ. ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್. ಅದರ ಪಕ್ಕ ಪೆಟ್ರೋಲ್ ಕ್ಯಾನ್, ಮುಚ್ಚಳ ಕಳೆದುಹೋಗಿ ಬಾಯಿಗೆ ಚಿಂದಿ ತುರುಕಿದ್ದಾನೆ. ಗಮ್ಮೆನ್ನುತ್ತಿತ್ತು. ಯಾರಿಗಾದರೂ ಗೊತ್ತಾಗುತ್ತಿತ್ತು. ಅವನೊಬ್ಬನನ್ನು ಬಿಟ್ಟು.

ಪೆಟ್ರೋಲಿನಲ್ಲೂ ಬೆಂಜೀನ್ ಇರುತ್ತದೆ. ಡೀನಾ ಮೊದಲ ದಿನವೇ ಹೇಳಿದ್ದಳು, ಕಾರಿನ ಹತ್ತಿರ ಇಡಬೇಡಿ ಎಂದು. ನನಗೆ ಹೇಳಿದ್ದಳು. ಅವನಿಗೆ ಹೇಳುವುದು ನನಗೆ ಹೊಳೆದಿರಲಿಲ್ಲ. ಹಿಮ ಬೀಳುವ ರಾತ್ರಿ ಈ ಊರಿನ ಗಂಡಸು ಅಂಗಳದಲ್ಲಿರುವುದನ್ನೆಲ್ಲ ಒಳಗೆ ತರುತ್ತಾನೆ. ಗಿಡ, ಬೆಕ್ಕು, ಕುರ್ಚಿಯ ಮೆತ್ತೆ. ಡಬ್ಬ ಬಿಡುತ್ತಾನೆಯೇ.

ಜುಲೈ 6

ಹೇಳಿದೆ. ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ನೋಡಲಾಗಲಿಲ್ಲ.

"ಯಾರಾದ್ರೂ ಕೇಳಿದ್ರೆ ಹೊರಗೇ ಇತ್ತು ಅನ್ನು" ಎಂದೆ.

"ಇರ್ಲಿಲ್ವಲ್ಲ."

"ಗೊತ್ತು. ಅನ್ನು ಅಂದೆ. ಅವರು ಹೇಳೋದೆಲ್ಲ ನಿಜಾನಾ? ಆ ವಾಸನೆ ನಾನು ದಿನಾ ಕುಡೀತಿದೀನಿ. ಅದು ಸುಳ್ಳಾ?"

"ಸುಳ್ಳಲ್ಲ ಬಿಡು. ಅವರು ಕೇಳೋದಿಲ್ಲ. ಡಬ್ಬ ಎಲ್ಲಿ ಮಲಗಿತ್ತು ಅಂತ ಯಾರ್ ಕೇಳ್ತಾರೆ?"

ಡೀನಾಗೆ ಫೋನ್ ಮಾಡಲಿಲ್ಲ.

ಜುಲೈ 8

ಕೇಳಿದರು.

ಕಂಪನಿಯ ತಜ್ಞ ಚಿಕ್ಕವನು, ತುಂಬ ಮರ್ಯಾದೆ. ಮೊದಲು ಎಮಿಲ್‌ನ ಆರೋಗ್ಯ ವಿಚಾರಿಸಿದ. ಕೋಕ್ ಕಾರ್ಖಾನೆಯ ಮಾತು ತೆಗೆದ, ಶ್ವಾಸಕೋಶ ಅಲ್ಲೇ ಹಾಳಾಗಿರಬೇಕಲ್ಲವೇ ಎಂದು ಮರುಗಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ಆ ರಾತ್ರಿ ಹಿಮ ಬಿದ್ದಿತ್ತು. ಮೀಟರಲ್ಲಿ ದಾಖಲಾದ ಒತ್ತಡ ನೋಡಿದ್ರೆ ಡಬ್ಬ ಬೆಚ್ಚಗಿದ್ದ ಹಾಗಿದೆ. ಹೊರಗೇ ಇತ್ತಾ?"

"ಹೊರಗೇ ಇತ್ತು" ಎಂದೆ. ದನಿ ಸ್ವಲ್ಪವೂ ಅಲುಗಲಿಲ್ಲ.

"ಎಮಿಲ್ ಹುಡಾಕ್ ಅವರೇ, ನೀವೇನಂತೀರಿ?"

ಎಮಿಲ್ ಸಿಲಿಂಡರಿನ ಗಾಡಿ ಹಿಡಿದು ಎದ್ದು ನಿಂತ. ನಿಲ್ಲಬೇಕಾಗಿರಲಿಲ್ಲ. ಊರಿಗೆ ಊರೇ ನೋಡುತ್ತಿತ್ತು. ಅವನು ನನ್ನನ್ನು ನೋಡಿದ.

"ನನ್ ಹೆಂಡ್ತಿ ಮಲಗಿದ್ಲು ಸ್ವಾಮಿ. ಅವಳಿಗೆ ಗೊತ್ತೇ ಇಲ್ಲ. ಡಬ್ಬಾನ ಗ್ಯಾರೇಜಿಗೆ ತಂದಿಟ್ಟವನು ನಾನು. ಟೊಮೇಟೊ ಜೊತೆ."

ಯಾರೋ ಕಿಸಕ್ಕೆಂದರು. ಆಮೇಲೆ ಬಹಳ ಜನ ನಕ್ಕರು. ಕೆಟ್ಟವರಲ್ಲ, ನಗು ಬಂತು, ನಕ್ಕರು. ಗ್ಯಾರೇಜಿನಲ್ಲಿ ಏನೇನಿತ್ತು ಎಂದು ತಜ್ಞ ಕೇಳಿದ. ಎಮಿಲ್ ಹೇಳಿದ. ಚಿಂದಿಯನ್ನೂ ಬಿಡಲಿಲ್ಲ. ಡೀನಾ ಕಣ್ಣು ಮುಚ್ಚಿಕೊಂಡಳು.

ಮಂಡಳಿಯವರು ಒಂದೇ ದನಿಯಲ್ಲಿ ಅನುಮತಿ ಕೊಟ್ಟರು.

ಹೊರಗೆ ಕ್ಲೈಡ್ ಬಂದು ಸಿಲಿಂಡರನ್ನು ನಮ್ಮ ಕಾರಿಗೆ ಎತ್ತಿಟ್ಟ. "ಯಾಕೋ ಹೇಳ್ದೆ? ನಾನಾಗಿದ್ರೆ ಹೇಳ್ತಿರ್ಲಿಲ್ಲ."

"ಅದಕ್ಕೇ ಕಣೋ ಗುಡ್ಡ ನಿಂದು, ಗಾಳಿ ನಂದು."

ಜೀವನದಲ್ಲಿ ಸುಳ್ಳಾಡದವನು, ನನ್ನ ಮಾನ ಉಳಿಸಲು ಒಂದು ಆಡಿದ. ಸಿಟ್ಟು ಬರುತ್ತಿದೆ ಅವನ ಮೇಲೆ. ಹೊಡೆದುಬಿಡುವಷ್ಟು. ಅಪ್ಪಿಕೊಳ್ಳುವಷ್ಟು.

ಜುಲೈ 26

ಎಮಿಲ್ ತೋಟಕ್ಕೆ ಹೋಗುತ್ತಿಲ್ಲ. ಹಣ್ಣು ಗಿಡದಲ್ಲೇ ಒಡೆಯುತ್ತಿದೆ.

"ನಾನೇ ಹಾಳ್ಮಾಡ್ದೆ. ನಿಂಗೂ ಆ ಗಾಳಿ ಕುಡಿಸ್ದೆ."

ಅದೊಂದೇ ಮಾತು, ಬೆಳಗಿನಿಂದ. ಸಂಜೆ ಕೇಳಿದ, ಇದೆಯಾ? ಗಂಟಲು ಉರಿಯುವಷ್ಟಿತ್ತು.

"ಇಲ್ಲ" ಎಂದೆ. "ಉರಿ ಆರಿಸಿದ್ದಾರಲ್ಲ. ಏನೂ ಇಲ್ಲ."

ಮುಖ ಸಡಿಲವಾಯಿತು. ಎಷ್ಟೋ ದಿನದ ಮೇಲೆ ಸರಿಯಾಗಿ ಉಂಡ.

ಸೆಪ್ಟೆಂಬರ್ 3

ಇಂಜಿನ್ ಶುರು. ನೆಲವೇ ಗುಂಯ್‌ಗುಡುತ್ತದೆ. ವಾಸನೆ ಈಗ ಬೇರೆ ತರಹ, ಸುಟ್ಟ ಎಣ್ಣೆ, ಸಿಹಿ. ನನಗೂ ಕೆಮ್ಮು.

"ಇದೆಯಾ?"

"ಇಲ್ಲ."

"ನೋಡಿದ್ಯಾ, ಬರೀ ಸದ್ದು. ಮತ್ಯಾಕೆ ಕಿಟಕಿ ಮುಚ್ಚಿದೀಯ?"

"ಕಳೆ ಹೂ ಬಿಟ್ಟಿದೆ. ಅದರ ಧೂಳು ನಿನ್ ಎದೆಗೆ ಆಗಲ್ಲ. ಹಿಮ ಬಿದ್ದು ಕಳೆ ಸಾಯೋ ತನಕ ತೆಗಿಯಲ್ಲ."

ನಂಬಿದ. ನಾನು ಏನು ಹೇಳಿದರೂ ನಂಬುತ್ತಾನೆ.

ಸೆಪ್ಟೆಂಬರ್ 24, ಪಟ್ಟಣದ ಆಸ್ಪತ್ರೆ

ಉಸಿರು ಸಿಕ್ಕಿಕೊಂಡು ಎಮಿಲ್‌ನನ್ನು ಸೇರಿಸಿ ಹತ್ತು ದಿನ. ಇಲ್ಲಿ ತುಟಿಗೆ ಬಣ್ಣ ಬಂದಿದೆ. ಕಾರಿಡಾರಿನ ಕೊನೆ ತನಕ ನಡೆದ! ಮನೆಗೆ ಮಾತ್ರ ಬೇಡ ಎನ್ನುತ್ತಾರೆ ಡಾಕ್ಟರು. ನನ್ನ ತಂಗಿಯ ಮನೆ ಇಲ್ಲೇ ಇದೆ, ಒಂದು ಕೋಣೆ ಬಿಟ್ಟುಕೊಡುತ್ತಾಳೆ.

"ಯಾಕೆ ಇಲ್ಲಿರ್ಬೇಕು?" ಎಂದ ಎಮಿಲ್. "ನಮ್ಮನೇಲಿ ವಾಸನೆ ಇಲ್ಲ ಅಂತ ನೀನೇ ಅಂತೀಯ. ಕೆಟ್ಟಿರೋದು ನನ್ ಶ್ವಾಸಕೋಶ, ಆ ಕಂಪನಿ ಹುಡುಗ ಹೇಳಿದ್ದೇ ಸರಿ. ಅದು ಎಲ್ಲಿದ್ರೂ ಕೆಟ್ಟಿದ್ದೇ. ಮನೆಗೆ ಹೋಗೋಣ. ಕಾಯಿ ಕೀಳ್ಬೇಕು."

ಬಾಯಿ ತೆರೆದೆ. ಈಗ ಹೇಳಬೇಕು — ಇದೆ, ದಿನಾ ಇತ್ತು, ಇಲ್ಲ ಎಂದದ್ದೆಲ್ಲ ಸುಳ್ಳು. ಎಷ್ಟೋ ದಿನದ ಮೇಲೆ ಅವನು ನನ್ನ ಕೈ ತಟ್ಟುತ್ತ ನಗುತ್ತಿದ್ದ.

ಹೇಳಲಿಲ್ಲ.

ಸೆಪ್ಟೆಂಬರ್ 28

ಮನೆ. ಗುಡ್ಡ ಗುಂಯ್ ಎನ್ನುತ್ತಿದೆ. ಬಾಗಿಲ ಸಂದಿಗೆಲ್ಲ ಒದ್ದೆ ಟವೆಲ್. ಕಳೆ ಧೂಳಿಗೆ, ಎಂದೆ.

ಅಕ್ಟೋಬರ್ 9

ಮಾತಾಡಿದರೆ ದಣಿಯುತ್ತಾನೆ. ತುಟಿ ಮತ್ತೆ ನೀಲಿ. ಪಟ್ಟಣಕ್ಕೆ ಹೋಗೋಣವಾ ಎಂದೆ. ತಲೆ ಅಲ್ಲಾಡಿಸಿದ. ಕ್ಲೈಡ್ ಬಂದಿದ್ದ, ಮೆಕ್ಕೆಜೋಳ ತಂದಿದ್ದ. ಹೊಸ್ತಿಲಲ್ಲೇ ಅಳಲು ಶುರುಮಾಡಿದ. ಹೊರಗೇ ಕಳಿಸಿಬಿಟ್ಟೆ.

ಅಕ್ಟೋಬರ್ 18, ಭಾನುವಾರ

ನಿನ್ನೆ ಮೊದಲ ಹಿಮ. ಗಿಡಗಳೆಲ್ಲ ಕಪ್ಪಗೆ ಜೋತುಬಿದ್ದಿವೆ. ಹಸಿರು ಕಾಯಿಗಳನ್ನು ಮೊದಲೇ ಕಿತ್ತಿದ್ದೆ. ಅವನ ಹಾಸಿಗೆಯ ಮೇಲೇ ಕೂತು ಒಂದೊಂದನ್ನೂ ಪೇಪರಿನಲ್ಲಿ ಸುತ್ತಿದೆ. ಅವನು ಒಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಬೀಜಕ್ಕೆ ಇದನ್ನಿಡು ಎಂದ.

ಗಾಳಿ ನೇರ ಗುಡ್ಡದಿಂದ. ಇಷ್ಟು ಜೋರು ಎಂದೂ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿದೆ. ಅಳುತ್ತಿದ್ದೇನೆ ಎಂದುಕೊಂಡಿದ್ದಾನೆ. ಕೆನ್ನೆ ಒರೆಸಿದ.

ಈಗ ಕೇಳಿದ. ಪದಕ್ಕೊಂದು ಉಸಿರು.

"ಹಿಮ ಬಿತ್ತಲ್ಲ. ಕಳೆ ಸತ್ತಿರುತ್ತೆ."

"ಹೂಂ."

"ವಾಸನೆ ಇದೆಯಾ, ವರ್ನಾ?"

"ಇಲ್ಲ."

"ಹಂಗಾದ್ರೆ ಕಿಟಕಿ ತೆಗಿ. ಒಂದ್ಸಲ ಒಳ್ಳೆ ಗಾಳಿ ಬರ್ಲಿ."

ಇದೊಂದು ಸಾಲು ಬರೆದು ಬರುತ್ತೇನೆ ಎಂದೆ. ನನ್ನನ್ನೇ ನೋಡುತ್ತಿದ್ದಾನೆ. ನಗುತ್ತಿದ್ದಾನೆ. ಏಳಬೇಕು. ಎದ್ದು ಕಿಟಕಿಯ ಹತ್ತಿರ ಹೋಗಿ, ಚಿಲಕಕ್ಕೆ ಕೈ ಹಾಕಿ —