ಟ್ರ್ಯಾಕ್ಟರ್ ಎಳೆದು ತಂದ ಸ್ಪೋರ್ಟ್ಸ್ ಕಾರು

ಮದನ,

ಅನ್ನ, ಸಾರು ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಳ್ಳುವುದಾದರೂ ನಿನಗೆ ಬರುತ್ತದೆ ಅಂದುಕೊಂಡಿದ್ದೇನೆ.

ಮನೆ ಮುಂದೆ ಕೂತಿರುವ ನಿನ್ನ ಸ್ಪೋರ್ಟ್ಸ್ ಕಾರಿಗೆ ಟಾರ್ಪಾಲು ಹೊದಿಸು. ಬೀದಿಯವರು ನಕ್ಕಿದ್ದು ಸಾಕು. ಮೆಕ್ಯಾನಿಕ್ ಫೋನ್ ಮಾಡಿದ್ದ. ಪಾರ್ಟು ಜರ್ಮನಿಯಿಂದ ಬರಬೇಕಂತೆ, ಬಂದರೂ ಗ್ಯಾರಂಟಿ ಇಲ್ಲವಂತೆ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಹೊಡೆದೆ ಅಂತ ಕುಣಿದೆಯಲ್ಲ, ಮಾರಿದವನು ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟ ಅಂತ ಈಗ ಗೊತ್ತಾಯಿತಾ?

ಹೆಣ್ಣು ನೋಡಲು ಬಸ್ಸಿನಲ್ಲೇ ಹೋಗೋಣ ಅಂದಿದ್ದಕ್ಕೆ ಅಕ್ಕನನ್ನೇ ಗುಗ್ಗು ಅಂದೆ. ಸೋಸಲೆಯಲ್ಲಿ ಹುಡುಗಿಯ ಮನೆ ಮುಂದೆಯೇ ನಿನ್ನ ಕಾರು ಕೆಟ್ಟು ಎಮ್ಮೆಯ ಹಾಗೆ ನೆಲಕ್ಕೆ ಕುಸಿಯಿತು. ಇರುವುದೇ ಎರಡು ಬಾಗಿಲು; ಮುಂದಿನ ಸೀಟು ಮಡಚಲಾಗದೆ ಅವ್ವ ಹಿಂದೆ ಸಿಕ್ಕಿಕೊಂಡಳು. "ಮೊದ್ಲು ಬೀಗಿತ್ತೀನ ಈಚ್ಗೆ ಎಳ್ಕೊಳ್ರಪ್ಪಾ" ಅಂತ ಹುಡುಗಿಯ ಅಪ್ಪ ಕೂಗುವಾಗ ನೀನು ಬಂಪರ್ ಒರೆಸುತ್ತಿದ್ದೆ.

ನಾನು ಫೋನ್ ಮಾಡಿದ್ದಕ್ಕೆ ಊರಿಂದ ಟ್ರ್ಯಾಕ್ಟರ್ ತಂದು, ಅವ್ವನನ್ನು ಇಳಿಸಿ, ನಿನ್ನ ಕಾರನ್ನು ನಂಜನಗೂಡಿನವರೆಗೆ ಎಳೆದು ತಂದವನು ನಿನ್ನ ತಮ್ಮ ಬಸವೇಶ.

ಬೆಳಿಗ್ಗೆ ಸೋಸಲೆಯಿಂದ ಫೋನ್ ಬಂತು. ಹುಡುಗಿ ಒಪ್ಪಿದ್ದಾಳಂತೆ, ಬಸವೇಶನನ್ನು. ವೀಳ್ಯಶಾಸ್ತ್ರಕ್ಕೆ ಎಲ್ಲರೂ ಬಸ್ಸಿಗೆ ಹೊರಟಿದ್ದೇವೆ. ನೀನು ಬರುವುದು ಬೇಡ ಅಂತ ಅವ್ವನೇ ಹೇಳಿದಳು.

ಹೆಣ್ಣು ನೋಡಲು ಹೊಲಿಸಿದ ನಿನ್ನ ಶರ್ಟು ಬೀರುವಿನಲ್ಲಿ ಹುಡುಕಬೇಡ. ಬಸವೇಶ ಹಾಕಿಕೊಂಡಿದ್ದಾನೆ. ಅವನಿಗೆ ಸರಿಯಾಗಿ ಕೂತಿದೆ.

ಅರ್ಪಿತ